ವಿಷಯ ಸಂಖ್ಯೆ 14

ಸಭೆ ಹನ್ನೊಂದು ಗಂಟೆಗೆ ಎಂದು ನೋಟೀಸಿನಲ್ಲಿತ್ತು. ಇಂಥ ಸಭೆಗಳ ರೀತಿನೀತಿ ಬಲ್ಲ ಮೇಷ್ಟ್ರು ಹನ್ನೊಂದೂಕಾಲಿಗೆ ಹೋದರು. ಆದರೂ ಅವರೇ ಮೊದಲಿಗರು. ಅಟೆಂಡರ್ ಒಬ್ಬ ಮೇಜಿನ ಧೂಳು ಒರೆಸುತ್ತಿದ್ದ. ಹನ್ನೆರಡರ ಹೊತ್ತಿಗೆ ಅಧ್ಯಕ್ಷರು ಬಂದರು. ಮೊದಲು ಟಿ.ಎ., ಡಿ.ಎ. ಫಾರಂಗಳು ಬಂದವು, ಅವುಗಳ ಹಿಂದೆ ಚೌಚೌ ಬಾತ್ ಬಂತು, ಅದರ ಹಿಂದೆ ಕಾರ್ಯಸೂಚಿ ಬಂತು. ಒಂದೂವರೆಗೆ ಊಟ. ಇಪ್ಪತ್ತೆರಡು ವಿಷಯಗಳಿಗೆ ಉಳಿದದ್ದು ಒಂದು ಗಂಟೆ ಚಿಲ್ಲರೆ.

ಇದು 2004ರ ಮಾತು. ಆ ಪಟ್ಟಿಯಲ್ಲಿ ಹದಿನಾಲ್ಕನೆಯದು ಮೇಷ್ಟ್ರದೇ ವಿಷಯ. ಹಾಸನದ ಕಡೆಯ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಅಧ್ಯಾಪಕರು, ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಸದಸ್ಯರು. ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಈ ಮೂರನ್ನು ಸೇರಿಸಿ ಹೊಸದೊಂದು ಬಿ.ಎಸ್ಸಿ. ಕೋರ್ಸು ಆರಂಭಿಸಬೇಕೆಂಬ ಪ್ರಸ್ತಾವ. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, ‘ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದರು. ಒಬ್ಬರು, ಬಯೋಟೆಕ್ನಾಲಜಿ ಎಂದು ಬರೆಯುವಾಗ ನಡುವೆ ಅಡ್ಡಗೆರೆ ಬೇಕೇ ಬೇಡವೇ ಎಂದು ಕೇಳಿದರು. ಬೇಡ ಎಂದು ತೀರ್ಮಾನವಾಯಿತು. ನಾಲ್ಕು ನಿಮಿಷ. ನಡವಳಿ ಪುಸ್ತಕದಲ್ಲಿ ‘ಸುದೀರ್ಘವಾಗಿ ಚರ್ಚಿಸಿ ಅನುಮೋದಿಸಲಾಯಿತು’ ಎಂದು ದಾಖಲಾಯಿತು. ಮೇಷ್ಟ್ರು ರುಜು ಹಾಕಿದರು.

ಅವರನ್ನು ದೂರುವ ಮುಂಚೆ ಆ ಕಾಲವನ್ನು ಸ್ವಲ್ಪ ನೆನೆಯಬೇಕು. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತ್ತು. 2004ರಲ್ಲಿ ಬಯೋಕಾನ್ ಕಂಪನಿ ಷೇರು ಪೇಟೆಗೆ ಬಂದು ದೊಡ್ಡ ಸುದ್ದಿಯಾಗಿತ್ತು. ಕಂಪ್ಯೂಟರ್ ಆದ ಮೇಲೆ ಇನ್ನು ಮುಂದೆಲ್ಲ ಇದೇ ಎಂದು ಬಸ್ ಸ್ಟ್ಯಾಂಡಿನಲ್ಲೂ ಜನ ಮಾತಾಡುತ್ತಿದ್ದರು. ಸಸ್ಯಶಾಸ್ತ್ರಕ್ಕೆ ಸೇರುವ ಹುಡುಗರು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹನ್ನೊಂದಕ್ಕೆ ಬಂದಿದ್ದರು. ಅಧ್ಯಾಪಕನಿಗೆ ವಾರಕ್ಕೆ ಹದಿನಾರು ಗಂಟೆ ಪಾಠವಿರಬೇಕು. ಇಲ್ಲದಿದ್ದರೆ ವರ್ಕ್‌ಲೋಡ್ ಇಲ್ಲ ಎಂದು ಎಲ್ಲಿಗಾದರೂ ಎತ್ತಿ ಹಾಕುತ್ತಾರೆ. ಮೇಷ್ಟ್ರಿಗೆ ಆಗಷ್ಟೇ ಗೃಹಪ್ರವೇಶವಾಗಿತ್ತು, ಮಗ ಹತ್ತನೇ ಕ್ಲಾಸು. ಹೊಸ ಕೋರ್ಸಿನ ಪ್ರಸ್ತಾವದಲ್ಲಿ ‘ಗ್ರಾಮೀಣ ವಿದ್ಯಾರ್ಥಿಗಳ ಹಿತದೃಷ್ಟಿಯಿಂದ’ ಎಂದು ಬರೆದದ್ದು ಸುಳ್ಳಲ್ಲ. ಆದರೆ ಅದೊಂದೇ ನಿಜವೂ ಅಲ್ಲ.

ಅಧ್ಯಯನ ಮಂಡಳಿಯಲ್ಲಿ ಪಾಸಾದ ಕಾಗದ ನಿಕಾಯಕ್ಕೆ ಹೋಗುತ್ತದೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ, ಅಲ್ಲಿಂದ ಸಿಂಡಿಕೇಟಿಗೆ. ಇಷ್ಟು ಜರಡಿಗಳಿರುವಾಗ ಕಲ್ಲು ಹೇಗೆ ನುಸುಳೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಒಳಗಿನವರಿಗೆ ಗುಟ್ಟು ಗೊತ್ತು. ಕೆಳಗಿನವರು ‘ಮೇಲಿನವರು ನೋಡುತ್ತಾರಲ್ಲ’ ಎಂದು ಕಳಿಸುತ್ತಾರೆ. ಮೇಲಿನವರು ‘ವಿಷಯತಜ್ಞರು ನೋಡಿ ಕಳಿಸಿದ್ದಾರಲ್ಲ’ ಎಂದು ಒಪ್ಪುತ್ತಾರೆ. ನಾಲ್ಕು ಜರಡಿಯೂ ಹಿಡಿದ ಕೈಯಲ್ಲೇ ಇರುತ್ತವೆ, ಆಡಿಸುವವರಿಲ್ಲ.

ಕಾಲೇಜಿನಲ್ಲಿ ಸೌಕರ್ಯವಿದೆಯೇ ಎಂದು ನೋಡಲು ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ. ಎಲ್.ಐ.ಸಿ. ಎಂದರೇ ಎಲ್ಲರಿಗೂ ಅರ್ಥವಾಗುವುದು. ವಿಮೆಯವರೆಂದು ತಿಳಿದು ಪ್ರಿನ್ಸಿಪಾಲರ ಮನೆಯವರು ಒಮ್ಮೆ ಬಾಗಿಲಲ್ಲೇ ‘ಪಾಲಿಸಿ ಬೇಡ’ ಎಂದು ಕಳಿಸಿದ ಕತೆಯೂ ಇದೆ. ಆ ಸಲ ಸಮಿತಿ ಬರುವ ಹಿಂದಿನ ರಾತ್ರಿ ಪಕ್ಕದ ಊರಿನ ಕಾಲೇಜಿನಿಂದ ಟೆಂಪೋದಲ್ಲಿ ಆರು ಸೂಕ್ಷ್ಮದರ್ಶಕಗಳು, ಒಂದು ಆಟೋಕ್ಲೇವ್, ಒಂದು ಇನ್‌ಕ್ಯುಬೇಟರ್ ಬಂದವು. ಲೈಬ್ರರಿಗೆ ಬಂದ ಪುಸ್ತಕಗಳಿಗೆ ಬೆಳಗಿನ ಜಾವದ ತನಕ ಕಾಲೇಜಿನ ಸೀಲು ಒತ್ತಿದರು. ಸಮಿತಿಯವರಲ್ಲಿ ಒಬ್ಬರು ಆ ಇನ್‌ಕ್ಯುಬೇಟರನ್ನು ಮುಟ್ಟಿ ನೋಡಿ, ‘ಇದನ್ನು ಹೋದ ತಿಂಗಳು ಇನ್ನೊಂದು ಕಡೆ ನೋಡಿದ ಹಾಗಿದೆ’ ಎಂದು ನಕ್ಕರಂತೆ. ನಕ್ಕಿದ್ದಷ್ಟೇ, ಬರೆದುಕೊಳ್ಳಲಿಲ್ಲ.

ಮೇಷ್ಟ್ರು ಸಸ್ಯಗಳ ಹೆಸರಿಡುವ ಶಾಸ್ತ್ರವನ್ನು ಪ್ರೀತಿಯಿಂದ ಪಾಠ ಮಾಡುತ್ತಿದ್ದವರು. ಕಾಡಿನಲ್ಲಿ ಹೊಸ ಗಿಡವೊಂದು ಸಿಕ್ಕಿತು ಎಂದುಕೊಳ್ಳಿ. ಮನಸ್ಸಿಗೆ ಬಂದ ಹೆಸರಿಟ್ಟರೆ ಅದು ನಿಲ್ಲುವುದಿಲ್ಲ. ಲಕ್ಷಣಗಳನ್ನು ಬರೆದು ಪ್ರಕಟಿಸಬೇಕು. ಅಲ್ಲದೆ 1958ರಿಂದ ಈಚೆಗೆ, ಯಾವ ಮಾದರಿಯ ಮೇಲೆ ಹೆಸರಿಟ್ಟಿತೋ ಅದನ್ನು ಸೂಚಿಸಲೇಬೇಕು. ಒಣಗಿಸಿ ರಟ್ಟಿನ ಹಾಳೆಗೆ ಅಂಟಿಸಿ ಹರ್ಬೇರಿಯಂನಲ್ಲಿ ಇಟ್ಟ ಆ ಮಾದರಿಗೆ ಟೈಪ್ ಸ್ಪೆಸಿಮನ್ ಎನ್ನುತ್ತಾರೆ. ನೂರು ವರ್ಷದ ನಂತರ ಜಗಳ ಬಂದರೂ ಆ ಹಾಳೆ ತೆಗೆದು ನೋಡಬಹುದು. ಪದವಿಗಳಿಗೆ ಹೆಸರಿಡುವಾಗ ಅಂಥ ಕಟ್ಟುನಿಟ್ಟಿಲ್ಲ. ಮೊದಲ ತಂಡದಲ್ಲಿ ಸೇರಿದ ಹುಡುಗ ಹುಡುಗಿಯರೇ ಅದರ ಮಾದರಿ. ಅವರನ್ನು ಅಂಟಿಸಿ ಇಡುವ ಹಾಳೆ ಮಾತ್ರ ಎಲ್ಲೂ ಇರುವುದಿಲ್ಲ.

ಈ ಹೋಲಿಕೆ ಮೇಷ್ಟ್ರಿಗೆ ಹೊಳೆದದ್ದು ಎಂಟು ವರ್ಷದ ಮೇಲೆ, ಒಂದು ಭಾನುವಾರ. ಮೊದಲ ತಂಡದ ಹುಡುಗಿ ಮನೆಗೆ ಬಂದಿದ್ದಳು. ಊರಿಂದ ಬೆಳಿಗ್ಗೆ ಆರರ ಬಸ್ಸು ಹಿಡಿದು ಬಂದವಳ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ಎಲ್ಲ ಅಂಕಪಟ್ಟಿಗಳು. ಓದಿನಲ್ಲಿ ಚುರುಕಾಗಿದ್ದವಳು. ತಂದೆ ಮೂರು ಎಕರೆ ರಾಗಿ ಹೊಲದ ರೈತ. ಬಿ.ಎಡ್. ಮುಗಿಸಿ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷದಿಂದ ಒಂಬತ್ತು, ಹತ್ತನೇ ತರಗತಿಗೆ ಜೀವಶಾಸ್ತ್ರ ಹೇಳುತ್ತಿದ್ದಳು. ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದ್ದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ದಾಖಲೆ ಪರಿಶೀಲನೆಗೆ ಕರೆ ಬಂದಿತ್ತು.

‘ಸಾರ್, ನಂದು ಬಯಾಲಜಿ ಅಲ್ವಂತೆ.’

‘ಯಾರಮ್ಮ ಹೇಳಿದ್ದು?’

‘ಅಲ್ಲಿ ಕೂತಿದ್ದೋರು ಸಾರ್. ಅಂಕಪಟ್ಟೀಲಿ ಸಸ್ಯಶಾಸ್ತ್ರ ಎಲ್ಲಿದೆ ತೋರಿಸಮ್ಮ ಅಂದ್ರು, ಪ್ರಾಣಿಶಾಸ್ತ್ರ ಎಲ್ಲಿದೆ ತೋರಿಸಮ್ಮ ಅಂದ್ರು. ಇಲ್ಲ ಸಾರ್ ಅಂದೆ. ಮತ್ತೆ ಮಕ್ಕಳಿಗೆ ಏನು ಪಾಠ ಮಾಡ್ತೀಯ ಅಂದ್ರು.’

ನಾಲ್ಕು ವರ್ಷದಿಂದ ದ್ಯುತಿಸಂಶ್ಲೇಷಣೆಯನ್ನೂ ಮೆಂಡಲನ ಬಟಾಣಿಯನ್ನೂ ಹೇಳಿಕೊಡುತ್ತಿದ್ದವಳು ಅವಳು. ಆದರೆ ಅಧಿಸೂಚನೆಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಂದೇ ಇತ್ತು. ಆ ಕೌಂಟರಿನವರನ್ನು ಬೈದು ಪ್ರಯೋಜನವಿಲ್ಲ. ಅವರ ಮುಂದಿದ್ದ ನಿಯಮ ಹಳೆಯದು. ಆ ನಿಯಮ ಬರೆದ ದಿನ ಇಂಥದೊಂದು ಪದವಿ ಹುಟ್ಟಿರಲಿಲ್ಲ. ಹುಟ್ಟಿದ ಮೇಲೆ ನಿಯಮ ಬರೆಯುವವರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಮುಟ್ಟಿಸುವುದು ಯಾರ ಕೆಲಸ ಎಂಬುದನ್ನು ವಿಷಯ ಸಂಖ್ಯೆ 14ರಲ್ಲಿ ಬರೆದಿರಲೂ ಇಲ್ಲ. ‘ವಿಶ್ವವಿದ್ಯಾಲಯದಿಂದ ತತ್ಸಮಾನ ಪತ್ರ ತಂದರೆ ನೋಡೋಣ, ಹದಿನೈದು ದಿನ ಟೈಮು’ ಎಂದು ಅವಳನ್ನು ಕಳಿಸಿದ್ದರು.

ಮೇಷ್ಟ್ರ ಹೆಂಡತಿ ದೋಸೆ ಹಾಕಿಕೊಟ್ಟರು. ಹುಡುಗಿ ಒಂದನ್ನೇ ತಿಂದಳು.

ಮಾರನೆಯ ದಿನ ಮೇಷ್ಟ್ರು ರಜೆ ಹಾಕಿ ಅವಳ ಜೊತೆ ವಿಶ್ವವಿದ್ಯಾಲಯಕ್ಕೆ ಹೋದರು. ಗುಮಾಸ್ತರು ಸಭ್ಯರೇ. ‘ಯಾವುದು ಯಾವುದಕ್ಕೆ ಸಮ ಅನ್ನೋದನ್ನ ನಾವು ಹೇಳೋಕಾಗಲ್ಲ ಸಾರ್. ಅಧ್ಯಯನ ಮಂಡಳಿ ಹೇಳಬೇಕು’ ಎಂದರು. ಆ ಮಂಡಳಿಯಲ್ಲಿ ಮೇಷ್ಟ್ರು ಇನ್ನೂ ಸದಸ್ಯರು! ಓಡಾಡಿ, ಕೈಕಾಲು ಹಿಡಿದು, ಹನ್ನೊಂದನೆಯ ದಿನಕ್ಕೆ ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಮಂಡಳಿಗಳ ಜಂಟಿ ಸಭೆ ಕರೆಸಿದರು. ಈ ಸಲ ನಾಲ್ಕು ನಿಮಿಷದಲ್ಲಿ ಮುಗಿಯಲಿಲ್ಲ. ಸಸ್ಯಶಾಸ್ತ್ರದ ಹಿರಿಯರು, ‘ಹೂಬಿಡುವ ಸಸ್ಯಗಳ ವರ್ಗೀಕರಣವನ್ನೇ ಓದದವರಿಗೆ ಬಾಟನಿ ಸಮ ಎಂದು ಹೇಗೆ ಬರೆದುಕೊಡೋಣ?’ ಎಂದರು. ಪ್ರಾಣಿಶಾಸ್ತ್ರದವರು, ‘ಮೂರು ವರ್ಷದಲ್ಲಿ ಒಂದು ಜಿರಳೆಯನ್ನೂ ಕೊಯ್ದಿಲ್ಲವಲ್ಲ’ ಎಂದರು. ಇಬ್ಬರ ಮಾತೂ ಸರಿಯೇ. ಸರಿಯಾದ ಆ ಮಾತುಗಳನ್ನು ಎಂಟು ವರ್ಷ ಹಿಂದೆ ಆಡಿದ್ದರೆ ಪಠ್ಯಕ್ರಮಕ್ಕೆ ಎರಡು ಪತ್ರಿಕೆ ಸೇರಿಸಿ ಮುಗಿಸಬಹುದಿತ್ತು. ಈಗ ಪದವಿಗೆ ಸಮ ಯಾವುದೂ ಇಲ್ಲ ಎಂದು ಪದವಿ ಕೊಟ್ಟವರೇ ವಾದಿಸುತ್ತಿದ್ದರು. ‘ಕೂಲಂಕಷವಾಗಿ ಪರಿಶೀಲಿಸಲು ಉಪಸಮಿತಿ ರಚಿಸಲಾಯಿತು.’ ಉಪಸಮಿತಿ ಒಪ್ಪಿ, ಪತ್ರ ಟೈಪಾಗಿ ಹುಡುಗಿಯ ಕೈಗೆ ಬಂದಾಗ ಏಳು ತಿಂಗಳಾಗಿತ್ತು. ಆಯ್ಕೆ ಪಟ್ಟಿ ಪ್ರಕಟವಾಗಿ ಅವಳಿಗಿಂತ ಕಡಿಮೆ ಅಂಕದವರು ಶಾಲೆಗಳಿಗೆ ಹೋಗಿ ಸೇರಿಕೊಂಡಿದ್ದರು.

ಇದು ಚಿಕ್ಕ ಊರಿನ, ಚಿಕ್ಕ ಕಾಲೇಜಿನ ಪಾಡು ಮಾತ್ರ ಎಂದು ತಿಳಿಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ‘ಬಿ.ಎಸ್.’ ಪದವಿ ಆರಂಭಿಸಿತು. 1956ರ ಯು.ಜಿ.ಸಿ. ಕಾಯ್ದೆಯ 22ನೇ ಕಲಮಿನ ಪ್ರಕಾರ ಆಯೋಗ ಸೂಚಿಸಿದ ಪದವಿಗಳನ್ನು ಮಾತ್ರ ಕೊಡಬೇಕು. 2014ರಲ್ಲಿ ಆಯೋಗ ತಕರಾರು ತೆಗೆಯಿತು. ಕಡೆಗೆ ಅದು ‘ಬ್ಯಾಚುಲರ್ ಆಫ್ ಸೈನ್ಸ್ (ರಿಸರ್ಚ್)’ ಆಯಿತು. ಅದೇ 2014ರ ಜೂನ್‌ನಲ್ಲಿ, ಹಿಂದಿನ ವರ್ಷವಷ್ಟೇ ಶುರುವಾಗಿದ್ದ ದೆಹಲಿ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿ ರದ್ದಾಯಿತು. ಮೇಷ್ಟ್ರು ಎರಡೂ ಸುದ್ದಿಗಳನ್ನು ಪತ್ರಿಕೆಯಿಂದ ಕತ್ತರಿಸಿ ಹುಡುಗಿಯ ತತ್ಸಮಾನ ಪತ್ರದ ಜೆರಾಕ್ಸ್ ಜೊತೆ ಫೈಲಿನಲ್ಲಿಟ್ಟರು. ದೊಡ್ಡ ಸಂಸ್ಥೆಯಾದರೆ ಮಾತುಕತೆ ನಡೆದು ಹೆಸರು ಬದಲಾಗುತ್ತದೆ. ಮೂರು ಎಕರೆ ಹೊಲದವಳಿಗೆ ಹದಿನೈದು ದಿನ ಟೈಮು.

ಹಾಗೆಂದು ಹೊಸ ಪದವಿಯೇ ಬೇಡ ಎನ್ನುವಷ್ಟು ಮೇಷ್ಟ್ರು ಹಟಮಾರಿಯಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಕಿರಿಯ ಅಧ್ಯಾಪಕರೊಬ್ಬರು, ‘ಹೀಗೆ ಹೆದರಿದ್ದರೆ ಕನ್ನಡ ಎಂ.ಎ.ಯೇ ಶುರುವಾಗುತ್ತಿರಲಿಲ್ಲ ಸಾರ್’ ಎಂದಾಗ ಅವರಿಗೆ ಉತ್ತರ ಹೊಳೆಯಲಿಲ್ಲ. ನಿಜ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಬಂದದ್ದು 1927ರಲ್ಲಿ. ಅದನ್ನು ಓದಿದವರಿಗೆ ಯಾವ ಕೆಲಸ ಎಂಬುದಕ್ಕೆ ಆಗ ಯಾರ ಬಳಿಯೂ ಅಚ್ಚಾದ ಅಧಿಸೂಚನೆ ಇದ್ದಿರಲಾರದು. ಆದರೂ ಓದಿದರು. ಕುವೆಂಪು ಓದಿದರು. ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರಿಗೆ ಉತ್ತರ ಸಿಕ್ಕಿತು: ಕುವೆಂಪು 1929ರಲ್ಲಿ ಎಂ.ಎ. ಮುಗಿಸಿದರು, ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿ ಸೇರಿದರು. ಎಲೆ ಹಾಕಿದ ಮನೆಯವರೇ ಕೂರಲು ಮಣೆಯನ್ನೂ ಹಾಕಿದ್ದರು. ಮಾರನೆಯ ದಿನ ಇದನ್ನು ಹೇಳೋಣವೆಂದರೆ ಆ ಕಿರಿಯರು ವರ್ಗವಾಗಿ ಹೋಗುವ ಗಡಿಬಿಡಿಯಲ್ಲಿದ್ದರು. ಅವರಿಗೆ ವರ್ಕ್‌ಲೋಡ್ ಸಾಲದೆ ಬಂದಿತ್ತು.

ನಿವೃತ್ತಿಯ ಹಿಂದಿನ ವರ್ಷ ಕೊನೆಯ ಸಭೆ. ಮತ್ತೆ ಹೊಸ ಹೆಸರಿನ ಕೋರ್ಸೊಂದು ಬಂತು. ಹೆಸರು ಎರಡು ಸಾಲಿನಷ್ಟು ಉದ್ದ. ಅಧ್ಯಕ್ಷರು ‘ಒಪ್ಪಿಗೆ ತಾನೆ?’ ಎನ್ನುವಷ್ಟರಲ್ಲಿ ಮೇಷ್ಟ್ರು ಎದ್ದು ನಿಂತರು. ಅವರ ಪ್ರಶ್ನೆ ಒಂದೇ: ‘ಇದನ್ನು ಓದಿದ ಹುಡುಗ ಎಂಟು ವರ್ಷ ಆದ ಮೇಲೆ ಒಂದು ಕೌಂಟರ್ ಮುಂದೆ ನಿಂತರೆ, ಇದನ್ನು ಏನು ಅಂತ ಎಣಿಸ್ತಾರೆ? ಈಗಲೇ ಬರೆದುಬಿಡೋಣ.’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ಒಳ್ಳೆಯ ಸಲಹೆ ಮೇಷ್ಟ್ರೆ, ಮೇಲಿನ ಸಭೆಯಲ್ಲಿ ಖಂಡಿತ ಚರ್ಚೆಯಾಗುತ್ತೆ’ ಎಂದರು ಅಧ್ಯಕ್ಷರು. ತಿಂಗಳ ಮೇಲೆ ನಡವಳಿಯ ಪ್ರತಿ ಅಂಚೆಯಲ್ಲಿ ಬಂತು. ‘ಸುದೀರ್ಘವಾಗಿ ಚರ್ಚಿಸಿ ಅನುಮೋದಿಸಲಾಯಿತು’ ಎಂದಿತ್ತು.

ಮುಂದೆ 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದಾಯಿತು. 2024ರ ಮೇ ತಿಂಗಳಲ್ಲಿ ಹಿಂದಿನ ಹಾಗೆ ಮೂರು ವರ್ಷವೇ ಸಾಕು ಎಂದು ಆದೇಶವಾಯಿತು. ನಡುವೆ ಸೇರಿದ ಮೂರು ವರ್ಷಗಳ ಮಕ್ಕಳು ಅದೇ ನೀತಿಯಲ್ಲಿ ಮುಂದುವರಿಯಬೇಕು, ಹೊಸಬರು ಬೇರೆ ನೀತಿಯಲ್ಲಿ.

ಆ ಮೇ ತಿಂಗಳಲ್ಲೇ ಹುಡುಗಿಯ ಫೋನ್ ಬಂತು. ಹುಡುಗಿ ಎಂದರೇನು, ಅವಳಿಗೂ ಈಗ ಮೂವತ್ತೆಂಟರ ಹತ್ತಿರ. ಅದೇ ಖಾಸಗಿ ಶಾಲೆಯಲ್ಲಿದ್ದಾಳೆ. ಅವಳ ಹಳೆಯ ಶಿಷ್ಯನೊಬ್ಬ ಪಿ.ಯು.ಸಿ. ಪಾಸಾಗಿದ್ದಾನೆ, ಬಿ.ಎಸ್ಸಿ.ಗೆ ಯಾವ ಕೋರ್ಸು ತೆಗೆದುಕೊಳ್ಳಲಿ ಎಂದು ಕೇಳುತ್ತಿದ್ದಾನೆ, ಕಾಲೇಜಿನ ಪ್ರಾಸ್ಪೆಕ್ಟಸ್ಸು ಕೈಯಲ್ಲೇ ಇದೆ, ಓದಲೇ ಸಾರ್ ಎಂದಳು.

‘ಅದನ್ನ ಆಮೇಲೆ ಓದುವೆಯಂತೆ ಇರಮ್ಮ’ ಎಂದರು ಮೇಷ್ಟ್ರು ಕನ್ನಡಕ ಹುಡುಕುತ್ತ. ‘ಹೋದ ಸಲದ ನೇಮಕಾತಿ ಅಧಿಸೂಚನೆ ಇಟ್ಟಿದೀಯಾ? ಮೊದಲು ಅದನ್ನ ತಗೊಂಡು ಕೂತ್ಕೊ.’