ಹನ್ನೆರಡರ ಮಾತು ಕೊಟ್ಟು ಹನ್ನೊಂದಕ್ಕೆ ನಿಂತೆವು

ನಮ್ಮ ಮನೆಯೊಳಗೆ ಇಸ್ಪೀಟ ಎಲೆ ಬರಲು ಬಹಳ ದಿನ ಹಿಡಿಯಿತು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದೆಂದು ಕೇಳುತ್ತ ಬೆಳೆದವರು ನಾವು, ಸೊಲ್ಲಾಪುರದ ಅರಿವೆ ಅಂಗಡಿಯ ಅಣ್ಣತಮ್ಮಂದಿರು. ಒಂದು ಪೈಸೆಯನ್ನೂ ಕಟ್ಟಿ ಆಡುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟ ಮೇಲೆಯೇ ಬ್ರಿಜ್ ಕಲಿತೆವು. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣವ್ ಬರ್ಧನ್ ಮತ್ತು ಶಿಬನಾಥ ಸರ್ಕಾರ್ ಎಂಬ ಹಿರಿಯ ಜೋಡಿ ಇದೇ ಆಟದಲ್ಲಿ ಭಾರತಕ್ಕೆ ಚಿನ್ನ ತಂದಾಗ ಅವ್ವ, "ಹಂಗಾರ ಇದು ಲೆಕ್ಕದ ಆಟ ಅನ್ರಿ" ಎಂದು ನಕ್ಕಳು. ಆ ಲೆಕ್ಕವನ್ನೇ ಮರೆತ ಒಂದು ದಿನದ ಕಥೆ ಇದು.

ಆಟ ತಿಳಿಯದ ಬಂಧುಗಳಿಗೆ ಎರಡು ಮಾತು. ನಾಲ್ವರು ಕೂಡುತ್ತಾರೆ, ಎದುರು ಕುಳಿತವನೇ ಜೊತೆಗಾರ. ತಲೆಗೆ ಹದಿಮೂರು ಎಲೆ. ನಾಲ್ಕು ಎಲೆ ಬಿದ್ದರೆ ಒಂದು ಪಟ್ಟು. ಎಷ್ಟು ಪಟ್ಟು ಹಿಡಿಯುತ್ತೇವೆ, ಯಾವುದು ಹುಕುಮ್ ಎಂಬುದನ್ನು ಮೊದಲೇ ಕೂಗಬೇಕು. ಹದಿಮೂರರಲ್ಲಿ ಹನ್ನೆರಡು ಹಿಡಿಯುತ್ತೇವೆಂದರೆ ಅದು ಸ್ಲ್ಯಾಮ್. ಕೂಗಿದವರಲ್ಲಿ ಒಬ್ಬ ಆಡುತ್ತಾನೆ. ಇನ್ನೊಬ್ಬ ತನ್ನ ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು ಬಾಯಿ ಮುಚ್ಚಿ ಕೂಡಬೇಕು. ಅವನಿಗೆ ಡಮ್ಮಿ ಎನ್ನುವರು.

ಶ್ರಾವಣದ ಒಂದು ಭಾನುವಾರ, ಸ್ನೇಹಿತರ ಕೂಟದ ಪಂದ್ಯ. ಕೊನೆಯ ಆಟಗಳು ನಡೆದಿದ್ದವು. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಮನೆ ಸೇರುವ ಅವಸರ ನಮಗೆ. ಕೈಗೆ ಬಂದದ್ದು ಚೆಂದದ ಎಲೆ: ಇಸ್ಪೀಟಿನಲ್ಲಿ ರಾಜಾ, ರಾಣಿ, ಗುಲಾಮ, ಹತ್ತು ಸಹಿತ ಏಳು. ಚೌಕಟಿನ ಎಕ್ಕಾ, ರಾಜಾ ಮತ್ತೊಂದು. ಬದಾಮ ಎರಡು ಚಿಲ್ಲರೆ, ಕಿಲವರ ಒಂದೇ ಒಂದು. ಹುಕುಮ್ ಎಕ್ಕಾ ಒಂದು ಬಿಟ್ಟರೆ ಉಳಿದ ಎಕ್ಕಾಗಳೆಲ್ಲ ನಮ್ಮವೇ ಎಂದು ಕೂಗಿನಲ್ಲೇ ತಿಳಿಯಿತು. ಆರು ಇಸ್ಪೀಟ ಕೂಗಿದೆವು. ಆದರೆ 180, ಗೇಮಿಗೆ 500, ಸ್ಲ್ಯಾಮಿಗೆ 750, ಒಟ್ಟು 1430. ಒಂದು ತಪ್ಪಿದರೆ ಎದುರಾಳಿಗೆ 100.

ಎದುರಾಳಿ ಬದಾಮ ರಾಜಾ ಇಳಿಸಿದ. ಡಮ್ಮಿಯಲ್ಲಿ ಬದಾಮ ಎಕ್ಕಾ ಇತ್ತು, ಹಾಕಿ ಪಟ್ಟು ಹಿಡಿದೆವು. ಆಟ ಕಲಿತ ಮೊದಲ ದಿನವೇ ಬಾಯಿಪಾಠ ಮಾಡಿದ ಸೂತ್ರ ಒಂದಿದೆ: ಮೊದಲು ಎದುರಾಳಿಯ ಹುಕುಮ್ ಎಳೆದು ಮುಗಿಸು. ಹಾಗೆಯೇ ಹುಕುಮ್ ಇಳಿಸಿದೆವು. ಆತ ಇಸ್ಪೀಟ ಎಕ್ಕಾ ಹೊಡೆದ, ಹಿಂದೆಯೇ ಬದಾಮ ರಾಣಿ ಇಟ್ಟ. ನಮ್ಮ ಕೈಯಲ್ಲಿ ಉಳಿದಿದ್ದ ಬದಾಮ ಎಂಟು ಅದರ ಕೆಳಗೆ ಬಿತ್ತು. ಮೂರನೆಯ ಪಟ್ಟಿಗೇ ಸ್ಲ್ಯಾಮ್ ಹೋಯಿತು.

ಡಮ್ಮಿಯಲ್ಲಿ ಕಿಲವರದ ಎಕ್ಕಾ, ರಾಜಾ ಎರಡೂ ನಮ್ಮ ಮುಖ ನೋಡುತ್ತ ಬಿದ್ದಿದ್ದವು! ಹುಕುಮ್ ಮುಟ್ಟುವ ಮೊದಲು ಅವೆರಡನ್ನು ಆಡಿದ್ದರೆ, ಎಕ್ಕಾದ ಮೇಲೆ ನಮ್ಮ ಒಂಟಿ ಕಿಲವರ, ರಾಜಾನ ಮೇಲೆ ಆ ಬದಾಮ ಎಂಟು ಹೋಗುತ್ತಿತ್ತು. ಆಮೇಲೆ ಹುಕುಮ್ ಎಕ್ಕಾ ಒಂದನ್ನೇ ಕೊಟ್ಟು ಉಳಿದದ್ದೆಲ್ಲ ನಮ್ಮದು. ಇಸ್ಪೀಟ ಆರು, ಚೌಕಟ ಮೂರು, ಕಿಲವರ ಎರಡು, ಬದಾಮ ಒಂದು; ಹನ್ನೆರಡು. ಎದುರಾಳಿಗಳ ಏಳು ಕಿಲವರ ಆರು-ಒಂದಾಗಿ ಹಂಚಿದ್ದರೆ ಅಪಾಯವಿತ್ತು ನಿಜ. ಆದರೆ ಅದು ಅಪರೂಪ.

ಆಡಿದವರು ನಮ್ಮಿಬ್ಬರಲ್ಲಿ ಯಾರೆಂದು ಇಲ್ಲಿ ಬರೆಯುವುದಿಲ್ಲ. ಅಂಗಡಿಯ ನಷ್ಟದಂತೆ ಅದೂ ಇಬ್ಬರ ಖಾತೆಯದು. ಆದರೆ ಆ ದಿನ ಹಾಗೆ ಅನ್ನಿಸಲಿಲ್ಲ. ಡಮ್ಮಿಯಾಗಿ ಕುಳಿತವನು ಹತ್ತು ಜನರೆದುರು, "ಸಣ್ಣ ಹುಡುಗರೂ ಹಿಂಗ ಆಡಂಗಿಲ್ಲ" ಎಂದುಬಿಟ್ಟ. ಮೂರು ದಿನ ಅಂಗಡಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ದಿವಾಣಜಿಯ ಮೂಲಕವೇ ಮುಟ್ಟಿತು. ಒಂದೇ ಗಾದಿಯ ಮೇಲೆ ಕುಳಿತವರು ಹೀಗಾದರೆ ಗಿರಾಕಿಗೂ ತಿಳಿಯುತ್ತದೆ. ಅಪ್ಪ ಕಟ್ಟಿದ ಅಂಗಡಿ ಎರಡಾಗುವುದು ಇಂಥ ಸಣ್ಣ ಮಾತಿನಿಂದಲೇ ಎಂದು ಅವ್ವ ಹೆದರಿದಳು.

ನಾಲ್ಕನೆಯ ರಾತ್ರಿ ಎಲೆಗಳನ್ನು ಅವಳೇ ತಂದು ನಡುವೆ ಇಟ್ಟಳು. "ಏನ್ ತಪ್ಪಾತು, ನನಗ ತೋರಿಸ್ರಿ." ಹಾಸಿ ತೋರಿಸಿದೆವು. ತೋರಿಸುತ್ತಿರುವಾಗ ಡಮ್ಮಿಯಾಗಿದ್ದವನು ಕೈ ನಿಲ್ಲಿಸಿ ಮೆಲ್ಲಗೆ ಅಂದ: "ಬದಾಮ ರಾಣಿ ಬೀಳೂತನಕ ನನಗೂ ಕಂಡಿರಲಿಲ್ಲ. ನಾ ಇದ್ರೂ ಹುಕುಮ್ಮೇ ಎಳೀತಿದ್ದೆ." ಅಷ್ಟು ಸಾಕಾಯಿತು. ಅವ್ವ ಎದ್ದು ಹಾಲು ಕಾಯಿಸಲು ಹೋದಳು, ಮತ್ತೆ ಹೊತ್ತು ಮುಳುಗಿದ್ದು ನೆನಪಾಗಿ ನಗುತ್ತ ತಿರುಗಿ ಬಂದಳು.

ಆ ವರ್ಷ ದೀಪಾವಳಿಗೆ ಇದು ಕೆಲಸಕ್ಕೆ ಬಂತು. ಹಬ್ಬದ ಮಾಲು ಮೊದಲು ತುಂಬು, ಉಳಿದದ್ದು ಆಮೇಲೆ ಎಂಬುದು ಅಪ್ಪನ ಸೂತ್ರ. ಸೂತ್ರ ಒಳ್ಳೆಯದೇ. ಆದರೆ ಆ ಸಲ ಇಚಲಕರಂಜಿಯ ವ್ಯಾಪಾರಿಯೊಬ್ಬರಿಗೆ ಕೊಟ್ಟ ಚೆಕ್ಕು ದಸರೆಯ ಮುಂಚೆಯೇ ಬ್ಯಾಂಕಿಗೆ ಬರುವುದಿತ್ತು. ಮಾಲು ತುಂಬಿದರೆ ಚೆಕ್ಕು ತಿರುಗುತ್ತಿತ್ತು, ಜೊತೆಗೆ ಪತ್ತೂ. ಇಬ್ಬರೂ ಕೂತು, ಎದುರಿನವನ ಕೈಗೆ ಆಟ ಹೋದರೆ ನಮ್ಮಿಂದ ಏನು ಬೀಳುತ್ತದೆಂದು ಎಣಿಸಿದೆವು. ಅಟ್ಟದ ಮೇಲೆ ಹಿಂದಿನ ವರ್ಷದ ಚಾದರ, ಟಾವೆಲ್ ಕಟ್ಟಿಟ್ಟ ಹಾಗೆಯೇ ಇದ್ದವು. ಅವನ್ನು ಕಡಿಮೆ ದರಕ್ಕೆ ಕೊಟ್ಟು, ಹಣ ಬ್ಯಾಂಕಿಗೆ ಕಟ್ಟಿ, ನಂತರವೇ ಹೊಸ ಮಾಲಿಗೆ ಹೇಳಿದೆವು. ನಾಲ್ಕು ದಿನ ತಡವಾಯಿತು, ಚೆಕ್ಕು ಪಾಸಾಯಿತು.

ಈಗ ಮೊದಲ ಎಲೆ ಬಿದ್ದೊಡನೆ ನಾವು ಕೈ ಕಟ್ಟಿ ಡಮ್ಮಿಯ ಹದಿಮೂರು ಎಲೆಗಳನ್ನು ಒಮ್ಮೆ ಪೂರ್ತಿ ನೋಡುತ್ತೇವೆ. ಎದುರಾಳಿಗಳು ಬೇಸರಪಡುವುದುಂಟು. ಆದರೂ ತಪ್ಪುತ್ತವೆ ಆಟಗಳು. ತಪ್ಪಿದ ದಿನ ಮನೆಗೆ ಬರುವ ದಾರಿಯಲ್ಲಿ, ಡಮ್ಮಿಯಾಗಿದ್ದವನೇ ಮೊದಲು ಮಾತಾಡಬೇಕೆಂಬುದು ನಮ್ಮೊಳಗಿನ ಕರಾರು.