ಸಲ್ಮಾಳ ಮರುದಿನ

ನಾವು ಓದುತ್ತ ಬಂದ ಅನೇಕ ಸಣ್ಣಕತೆಗಳಲ್ಲಿ ತಾಯಿ ಬುದ್ಧಿ ಹೇಳುವವಳು, ಮಗಳು ಕೇಳುವವಳು. ಇಲ್ಲವೇ ಕೇಳದೆ ಕಷ್ಟಕ್ಕೆ ಬೀಳುವವಳು. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯಲ್ಲಿ ಇದು ತಿರುವುಮುರುವಾಗಿದೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಸೋದರರಿಗೆ ಮನೆತನದ ಮರ್ಯಾದೆಯದೇ ಚಿಂತೆ. ಅದೇ ಮನೆಗೆ ಮರಳಿ ಬಿಟ್ಟುಹೋಗುತ್ತಾರೆ. ರಾತ್ರಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡವಳನ್ನು ಉಳಿಸುವವಳು ಹಿರಿಯ ಮಗಳು ಸಲ್ಮಾ.

ಈ ಕತೆಯ ಹೆಸರನ್ನೇ ಹೊತ್ತ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಎಲ್ಲರಿಗೂ ಗೊತ್ತು. ದೀಪಾ ಭಾಸ್ತಿಯವರ ಆ ಅನುವಾದದಿಂದ ನಮ್ಮಂಥ ಮನೆಗಳಿಗೆ ಆದ ಉಪಕಾರ ಬೇರೆಯೇ. ಬೈಕುಲ್ಲಾದಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ ಓದಿದೆವು. ಒಂದು ಕತೆಗಾಗಿ ನಾವಿಬ್ಬರೂ ವಾದಕ್ಕಿಳಿದದ್ದು ಇದೇ ಮೊದಲು!

ಅಂತೂ ಮೆಹರುನ್ ಉಳಿದಳಲ್ಲ ಎಂದು ನನಗೆ ಸಮಾಧಾನ. ಮಗಳು ಒಪ್ಪಲಿಲ್ಲ. “ಅಮ್ಮಾ, ಆ ಹುಡುಗಿಗೆ ಇನ್ನು ನಿದ್ದೆ ಎಲ್ಲಿ ಬರಬೇಕು? ರಾತ್ರಿ ತಾಯಿ ನೀರು ಕುಡಿಯಲಿಕ್ಕೆ ಎದ್ದರೂ ಅವಳೂ ಎದ್ದು ನೋಡಬೇಕಲ್ಲ!” ಎಂದಳು.

ಹೌದು. ಕತೆ ಮೆಹರುನಳ ಮಗ್ಗುಲಲ್ಲೇ ನಡೆಯುತ್ತದೆ, ನಾನೂ ಅವಳ ಜೊತೆಗೇ ನಡೆದಿದ್ದೆ. ಹೆತ್ತವಳ ಜೀವ ಕಾಯುವ ಕೆಲಸ ಓದುವ ವಯಸ್ಸಿನ ಹುಡುಗಿಯ ಪಾಲಿಗೆ ಬಂತು; ಅದನ್ನು ಇಳಿಸಿಕೊಳ್ಳುವವರು ಆ ಮನೆಯಲ್ಲಿ ಯಾರಿದ್ದಾರೆ?

ಮೊನ್ನೆ ಸಲ್ಮಾ ಆಡುವ ಮಾತಷ್ಟನ್ನೇ ಕನ್ನಡದಲ್ಲಿ ಓದಿ ಹೇಳೆಂದಳು. ಎರಡು ಸಲ ಓದಿಸಿದಳು.