ನಾಲ್ಕರಲ್ಲಿ ಯಾವುದು?

ಕೆಲವು ವರ್ಷಗಳ ಹಿಂದೆ ನಮ್ಮ ಕಿರಿಯ ಮಗಳು ಡೆಂಗೀ ಜ್ವರದಿಂದ ನರಳಿ ಗುಣಮುಖಳಾದಳು. ಒಮ್ಮೆ ಬಂದು ಹೋದ ಮೇಲೆ ಇನ್ನೇತರ ಭಯವೆಂದು ನಾವು ನಿಶ್ಚಿಂತರಾಗಿದ್ದೆವು. ಕಳೆದ ಶ್ರಾವಣದಲ್ಲಿ ಅವಳಿಗೆ ಮತ್ತೆ ಜ್ವರವೇರಿತು. ವೈದ್ಯರು ರಕ್ತವನ್ನು ಚಿಕ್ಕದೊಂದು ಕಾರ್ಡಿಗೆ ಹನಿಸಿದರು. ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿತು, ಮತ್ತೆ ಡೆಂಗೀ!

"ಮತ್ತೆ ಹೇಗೆ ಬಂದಿತು, ಡಾಕ್ಟರೇ?" ಎಂದೆವು. ಡೆಂಗೀ ವೈರಸ್ಸಿನಲ್ಲಿ ನಾಲ್ಕು ಬಗೆಗಳುಂಟಂತೆ. ಒಂದು ಬಗೆ ಬಂದು ಹೋದರೆ ದೇಹವು ಅದೊಂದನ್ನು ಮಾತ್ರ ಬಹುಕಾಲ ತಡೆಯಬಲ್ಲುದು. ಮುಂದೆ ಬೇರೊಂದು ಬಗೆ ಹೊಕ್ಕಾಗ, ಹಿಂದೆ ಕಾಪಾಡಿದ ಪ್ರತಿಕಾಯಗಳೇ ಕೆಲವೊಮ್ಮೆ ಅದು ಜೀವಕೋಶದೊಳಗೆ ನುಗ್ಗಲು ನೆರವಾಗಿಬಿಡುತ್ತವೆ. ಎರಡನೆಯ ಸಲದ ಡೆಂಗೀ ಹೆಚ್ಚು ಅಪಾಯಕರವಾಗಲು ಇದೂ ಒಂದು ಕಾರಣ. ಹಾಗಾದರೆ ಅಂದಿನದು ಯಾವ ಬಗೆ, ಇಂದಿನದು ಯಾವುದು? ವೈದ್ಯರು ಕಾರ್ಡನ್ನು ತೋರಿಸಿ, "ಇದು ಅಷ್ಟನ್ನು ಹೇಳದು" ಎಂದರು. ಅದನ್ನು ತಿಳಿಯಲು ಆರ್‌ಟಿ-ಪಿಸಿಆರ್ ಯಂತ್ರವುಳ್ಳ ಪ್ರಯೋಗಾಲಯವೇ ಬೇಕು.

ಐದನೆಯ ದಿನ ಜ್ವರ ಇಳಿಯಿತು. ನಮ್ಮ ತಾಯಿಯವರು ದೃಷ್ಟಿ ತೆಗೆದು, ಮೆತ್ತಗೆ ಅನ್ನ ಕಲಸಲು ಹೊರಟರು. ಆದರೆ ಜ್ವರ ಇಳಿಯುವ ಹೊತ್ತೇ ಎಚ್ಚರದ ಹೊತ್ತೆಂದು ವೈದ್ಯರು ಮೊದಲೇ ಹೇಳಿದ್ದರು. ಸಂಜೆಗೆ ಹೊಟ್ಟೆನೋವು, ಬಿಡದ ವಾಂತಿ. ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಸಲೈನ್ ಬಾಟಲಿಯ ಹನಿಗಳನ್ನೆಣಿಸುತ್ತ ಕುಳಿತೆವು. ಮೂರನೆಯ ಬೆಳಗ್ಗೆ ಅವಳು "ಅವ್ವಾ, ಹಸಿವು" ಎಂದಾಗಲೇ ನಮಗೆ ಜೀವ ಬಂದಂತಾಯಿತು.

ಮನೆಗೆ ಮರಳಿದ ಮೇಲೆ ಈ ವಿಷಯವನ್ನು ಓದತೊಡಗಿದೆವು. 2017ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಐರೀನ್ ಬಾಷ್ ಮತ್ತು ಸಂಗಡಿಗರು ಡೆಂಗೀಯ ನಾಲ್ಕು ಬಗೆಗಳನ್ನೂ, ಅದರ ದಾಯಾದಿಯಾದ ಝೀಕಾವನ್ನೂ ಬೇರೆಬೇರೆಯಾಗಿ ಗುರುತಿಸುವ ಕಾಗದದ ಪಟ್ಟಿಗಳನ್ನು ಪ್ರಕಟಿಸಿದ್ದರು. ವೈರಸ್ಸು ರಕ್ತಕ್ಕೆ ಬಿಡುವ ಎನ್‌ಎಸ್‌1 ಎಂಬ ಪ್ರೋಟೀನು ಒಂದೊಂದು ಬಗೆಯಲ್ಲಿ ತುಸು ಭಿನ್ನ. ಆಯಾ ಬಗೆಗೇ ಅಂಟುವ ಪ್ರತಿಕಾಯಗಳನ್ನು ಆರಿಸಿ ಪಟ್ಟಿಯಲ್ಲಿರಿಸಿದರೆ ಗೆರೆಯೇ ಬಗೆಯನ್ನು ಹೇಳುತ್ತದೆ. ದೊಡ್ಡ ಯಂತ್ರ ಬೇಡ. ಅವರು ಪರೀಕ್ಷಿಸಿದ ರೋಗಿಗಳ ಮಾದರಿಗಳಲ್ಲಿ ಭಾರತದವೂ ಇದ್ದವು.

ಅಂತಹ ಪಟ್ಟಿ ಅಂದು ಕೈಯಲ್ಲಿದ್ದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ. ಅದೇ ಸಲೈನು, ಅದೇ ಕಾವಲು. ಆದರೆ ಊರಿಗೆ ಹೊಸ ಬಗೆಯೊಂದು ಕಾಲಿಟ್ಟಿದೆಯೆಂದು ಮೊದಲೇ ತಿಳಿದರೆ, ಹಿಂದೊಮ್ಮೆ ಡೆಂಗೀ ಕಂಡ ಮಕ್ಕಳಿರುವ ಮನೆಗಳು ಎಚ್ಚರಗೊಳ್ಳಬಹುದಲ್ಲವೆ?

ಮಗಳ ಎರಡೂ ಸಲದ ಚೀಟಿಗಳನ್ನು ಒಂದೇ ಕಡತದಲ್ಲಿ ಇಟ್ಟಿದ್ದೇವೆ. ತಾರೀಖನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ಬರೆದಿದ್ದೇವೆ. ಬಗೆ ಎಂಬಲ್ಲಿ ಎರಡು ಕಡೆಯೂ ಖಾಲಿ.